ಶೀತದ ಬಾಡಿಗೆ

ಟಾಕೊರಾಡಿಯ ಆಸ್ಪತ್ರೆಯಲ್ಲಿ ಗಾಜಿನಾಚೆ ಕೂರುವವಳು ನಾನು.
ಡಾಕ್ಟರು ಆಸೆ ಹೇಳುತ್ತಾರೆ, ಮೊತ್ತ ಹೇಳುವುದು ನನ್ನ ಕೆಲಸ.
ನೋಟು ಮೂಸಿದರೆ ಸಾಕು, ಕಸುಬು ಗೊತ್ತಾಗುತ್ತದೆ:
ಕೋಕೋ, ಡೀಸೆಲ್ಲು, ಮಗುವಿಲ್ಲದ ಮನೆಯ ಪೌಡರು.
ಅರಾಬಾ ಕ್ವಾನ್ಸಾ ತಂದದ್ದು ಹೊಗೆಮೀನಿನ ನೋಟು.
ಎಣಿಸಿ ಕೈ ತೊಳೆದೆ. ಮಧ್ಯಾಹ್ನದ ತುತ್ತಿನಲ್ಲೂ ಅದೇ ಹೊಗೆ.

ಅವಳಿಗೆ ಇಂಗ್ಲಿಷು ಬಾರದು, ಲೆಕ್ಕ ಬರುತ್ತದೆ.
ಹಾಳೆಯ ಮೇಲೆ ಬೆರಳಿಟ್ಟು ಫಾಂಟೆಯಲ್ಲಿ ಹೇಳುತ್ತ ಹೋದೆ:
ಇದು ಸ್ಕ್ಯಾನು.
ಇದು ಹನ್ನೊಂದು ದಿನದ ಸೂಜಿ,
ಹನ್ನೆರಡನೆಯದು ಬೇಕೆಂದರೆ ಬೇರೆ.
ಇದು ಮೊಟ್ಟೆ ತೆಗೆಯುವುದಕ್ಕೆ, ಇದು ನಿದ್ದೆ ಬರಿಸುವವರಿಗೆ,
ಇದು ಗಾಜಿನ ಬಟ್ಟಲ ಮುಂದೆ ಐದು ದಿನ ಕಾಯುವವರಿಗೆ.
"ನಿದ್ದೆಗೂ ದುಡ್ಡೇ?" ಅಂದಳು.
"ಈ ಹಾಳೆ ನೋಡಿದ ಮೇಲೆ ಪುಕ್ಕಟೆ ಬರೋದಿಲ್ಲ ಅಕ್ಕಾ."
ಅವಳು ನಗಲಿಲ್ಲ.

ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದಳು, ಎಲ್ಲರ ಹಾಗಲ್ಲ:
"ನನ್ನ ಮೀನು ಕೊಳೆತಿದ್ದರೆ ಗಿರಾಕಿ ವಾಪಸು ತರುತ್ತಾಳೆ,
ಬಾಯ್ತುಂಬ ಬೈದು ಬದಲಿ ಒಯ್ಯುತ್ತಾಳೆ.
ಇದು ನಿಲ್ಲದಿದ್ದರೆ ನಾನು ಯಾರನ್ನ ಬೈಯಲಿ?"
ಅದಕ್ಕೊಂದು ಸಾಲಿತ್ತು, ಹಾಳೆಯ ಬುಡದಲ್ಲಿ, ಇರುವೆಯಂಥ ಅಕ್ಷರ.
ಅದನ್ನು ಫಾಂಟೆಗೆ ತರಲು ನನಗೆ ಹೊತ್ತು ಹಿಡಿಯಿತು.

ದುಡ್ಡು ಎಲ್ಲಿಂದ ಅಂತ ನಾವು ಕೇಳಬಾರದು.
ಕೇಳದಿದ್ದರೂ ಹೇಳುತ್ತಾರೆ.
ಸುಸು ಚೀಟಿಯ ಹುಡುಗನಿಗೆ ದಿನಾ ಸಂಜೆ ಇಪ್ಪತ್ತು ಸೆಡಿ,
ತಿಂಗಳಿಗೆ ಒಂದು ದಿನದ್ದು ಅವನ ಕೂಲಿ.
ಹಾಗೆ ಎರಡು ವರ್ಷ.
ಗಂಡ ಎಬೊ ದೋಣಿಯ ಮೋಟಾರು ಮಾರಿದ,
ಈಗ ಮಂದಿಯ ದೋಣಿಯಲ್ಲಿ ಬಲೆ ಎಳೆಯುತ್ತಾನೆ.
ಅತ್ತೆ ತನ್ನ ಶವಪೆಟ್ಟಿಗೆಗೆ ಕೂಡಿಟ್ಟದ್ದನ್ನು ಬಿಚ್ಚಿ ಕೊಟ್ಟಳಂತೆ,
"ಇನ್ನೊಂದಷ್ಟು ದಿನ ಸಾಯದೆ ಇರ್ತೀನಿ ಬಿಡು" ಅಂತ.
ನಾನು ರಸೀದಿ ಬರೆದೆ: ನಗದು.

ಮೂರು ಕೂಡಿದವು. ಒಂದನ್ನು ಒಳಗಿಟ್ಟರು.
ಹನ್ನೆರಡು ದಿನ ಅವಳು ತಲೆಯ ಮೇಲೆ ತಟ್ಟೆ ಹೊರಲಿಲ್ಲ.
ಹದಿಮೂರನೆಯ ದಿನ ಹೊತ್ತಳು.

"ಉಳಿದೆರಡನ್ನು ಇಡೋದಕ್ಕೆ ವರ್ಷಕ್ಕಿಷ್ಟು" ಅಂದೆ.
ಈ ಸಾಲಿಗೆ ಬೇರೆಯವರು ಅಳುತ್ತಾರೆ.
ಅವಳು ಗಾಜಿಗೆ ಮೂಗು ತಾಗಿಸಿದಳು:
"ಓ, ನಿಮ್ಮದೂ ಕೋಲ್ಡ್ ಸ್ಟೋರೇಜೇ!"
ಬಂದರಿನಲ್ಲಿ ಪೆಟ್ಟಿಗೆಗಿಷ್ಟೆಂದು ಕೊಟ್ಟು
ಹದಿನಾರು ವರ್ಷ ಮೀನಿಟ್ಟವಳು.
"ಕರೆಂಟು ಹೋದರೆ? ದುಮ್ಸೋರ್ ಕಾಲದಲ್ಲಿ
ನನ್ನವು ನಾಲ್ಕು ಪೆಟ್ಟಿಗೆ ನೀರಾದವು."
ಇದಕ್ಕೆ ಕರೆಂಟು ಬೇಡ, ಗಾಳಿಯನ್ನೇ ತಣಿಸಿ ನೀರು ಮಾಡಿ ಸುರಿಯುತ್ತಾರೆ, ಅಂದೆ.
"ಗಾಳಿಗೆ ಈ ರೇಟೇ?"
ಚೌಕಾಸಿಗೆ ನಿಂತಳು.
ಈ ಗಾಜಿನ ಮುಂದೆ ಜನ ಬೆಲೆ ಕೇಳಿ ತಲೆ ತಗ್ಗಿಸುತ್ತಾರೆ,
ತಪ್ಪು ತಮ್ಮದೇ, ದಂಡ ನ್ಯಾಯವೇ ಎನ್ನುವ ಹಾಗೆ.
ಚೌಕಾಸಿ ಮಾಡಿದವರನ್ನು ಒಬ್ಬಳನ್ನೇ ಕಂಡಿದ್ದೇನೆ.
ಒಂದು ಪೆಸೆವಾ ಇಳಿಸುವ ಅಧಿಕಾರ ನನಗಿರಲಿಲ್ಲ.

ಎರಡನೆಯದೂ ನಿಲ್ಲಲಿಲ್ಲ. ಆ ಹಾಳೆಗೂ ನಾನೇ ಠಸ್ಸೆ ಒತ್ತಿದೆ.

ಈಗ ಜುಲೈ. ಸಮುದ್ರಕ್ಕೆ ಸರಕಾರದ ಬೀಗ,
ದೋಣಿಗಳೆಲ್ಲ ದಂಡೆಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿವೆ.
ಇಂಥ ತಿಂಗಳಲ್ಲೇ ಅವಳ ಬಾಡಿಗೆ ಬೀಳುತ್ತದೆ, ಮೂರನೆಯ ವರ್ಷ.
"ಇಡೋದಕ್ಕಾಗುವಷ್ಟಿದೆ ತಂಗಿ, ಇಳಿಸಿಕೊಳ್ಳೋದಕ್ಕಾಗುವಷ್ಟಿಲ್ಲ."
ನೋಟಿನಲ್ಲಿ ಈ ಸಲ ಹೊಗೆಯಿಲ್ಲ, ಸೋಪಿನ ವಾಸನೆ,
ಯಾರ ಬಟ್ಟೆ ಒಗೆದಳೋ.

"ಎಷ್ಟು ವರ್ಷ ಕೆಡದೆ ಇರುತ್ತೆ ಅದು?"
"ಡಾಕ್ಟರನ್ನ ಕೇಳಬೇಕು."
"ನನ್ನ ಮೀನು ಎಷ್ಟು ದಿನ ತಡೆಯುತ್ತೆ ಅಂತ ನಾನೇ ಹೇಳ್ತೀನಿ.
ದುಡ್ಡು ತಗೊಳ್ಳುವವಳು ನೀನಲ್ಲವೇ, ಹೇಳು."

ನಾನು ಚಿಲ್ಲರೆ ಕೊಟ್ಟೆ.
ಅವಳು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.
"ಒಂದು ಸೆಡಿ ಕಮ್ಮಿ."
ಹೌದು, ಕಮ್ಮಿಯಿತ್ತು.